ಗಿಡುಗದ ಟೊಪ್ಪಿ ಕಟ್ಟಿದ ಕೈ

ಇಲ್ಲಿ ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಕೊಲೆಗಾರನನ್ನು ಹನ್ನೊಂದು ವರ್ಷದಿಂದ ಸಾಕಿಕೊಂಡು ಬಂದವರಿದ್ದಾರೆ. ಸಾಕಿದವರ ಹೆಸರು ಮಮ್ಮು. ಬಂಟ್ವಾಳ ಕಡೆಯ ಬ್ಯಾರಿ, ವಯಸ್ಸು ಐವತ್ತಾರು. ಅಲ್ ಖವಾನೀಜ್‌ನಲ್ಲಿ ಅಬು ಮತರ್ ಎಂಬ ಹಿರಿಯ ಅರಬಿಯ ಮನೆಯಲ್ಲಿ ಬೇಟೆಯ ಗಿಡುಗಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಪತ್ತೇದಾರಿ ಕಾದಂಬರಿ ಬರೆಯುವುದು ಅವರ ಕಾಯಿಲೆ.

ಕಾಯಿಲೆ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ, ಅದು ನನಗೂ ಅಂಟಿತು. ನಾನು ದ್ವಾರಕನಾಥ, ಮೈಸೂರಿನವನು, ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ವಿಮೆಯ ಕಾಗದಪತ್ರ ತಿದ್ದುತ್ತೇನೆ. ನಾಲ್ಕು ವರ್ಷದ ಹಿಂದೆ ಲಿಫ್ಟಿನಲ್ಲಿ ಮಮ್ಮು ಭಾಯ್ ನನ್ನ ಫೋನಿನಲ್ಲಿ ಕನ್ನಡ ಅಕ್ಷರ ನೋಡಿದರು.

“ಸಾರ್, ನಿಮಗೆ ಕನ್ನಡ ಟೈಪಿಂಗ್ ಬರ್ತದಾ?”

“ಬರುತ್ತೆ” ಎಂದೆ. ಆ ಒಂದು ಮಾತಿಗೆ ನನ್ನ ನಾಲ್ಕು ವರ್ಷದ ಶನಿವಾರಗಳು ಹೋದವು.

ಕಾದಂಬರಿಯ ಕಥೆ ಇಷ್ಟು. ಉಜ್ಬೇಕಿಸ್ತಾನದ ಬಯಲಿನಲ್ಲಿ ಬೇಟೆಯ ಬಿಡಾರ. ಬೆಳಗಾಗುವಾಗ ಶ್ರೀಮಂತ ಬೇಟೆಗಾರನೊಬ್ಬ ತನ್ನದೇ ಚೂರಿಯಿಂದ ಇರಿತಕ್ಕೊಳಗಾಗಿ ಗುಡಾರದಲ್ಲಿ ಸತ್ತು ಬಿದ್ದಿದ್ದಾನೆ. ಪಕ್ಕದ ಗೂಟದ ಮೇಲೆ ಅವನ ಮೆಚ್ಚಿನ ಗಿಡುಗ, ಕಣ್ಣು ಮುಚ್ಚುವ ಚರ್ಮದ ಟೊಪ್ಪಿ ಹಾಕಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಕೂತಿದೆ. ಪತ್ತೆ ಮಾಡಲು ಬರುವವರು ಮಂಗಳೂರಿನ ಇನ್ಸ್‌ಪೆಕ್ಟರ್ ಇಮ್ತಿಯಾಜ್.

“ಮಂಗಳೂರಿನ ಇನ್ಸ್‌ಪೆಕ್ಟರ್‌ಗೆ ಉಜ್ಬೇಕಿಸ್ತಾನದಲ್ಲಿ ಏನ್ರೀ ಕೆಲಸ?” ಎಂದು ನಾನು ಮೊದಲ ದಿನವೇ ರೇಗಿದ್ದೆ.

“ವಿಸಿಟ್ ವೀಸಾ ಸಾರ್” ಎಂದರು.

ಮಮ್ಮು ಭಾಯ್ ಹೆಂಡತಿ ಖೈರುನ್ನಿಸಾಗೆ ಕೊಲೆಯ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ. ಆಕೆಯ ತಕರಾರು ಒಂದೇ. “ಆ ಇನ್ಸ್‌ಪೆಕ್ಟರ್ ಪಾಪ, ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ತಿರುಗುದಾ?” ಹಾಗಾಗಿ ಇಮ್ತಿಯಾಜ್ ಸಾಹೇಬರು ಪ್ರತಿ ಅಧ್ಯಾಯದಲ್ಲೂ, ಸುತ್ತ ನೂರು ಮೈಲಿ ಮನುಷ್ಯರಿಲ್ಲದಿದ್ದರೂ, ಬಿಸಿ ಅಕ್ಕಿ ಪತ್ತಿರಿ ಮತ್ತು ಕೋಳಿ ಸಾರು ಹೊಡೆಯುತ್ತಾರೆ. ತೆಗೆಯೋಣ ಎಂದರೆ ನನಗೆ ಆ ಮನೆಯಲ್ಲಿ ಪತ್ತಿರಿ ಸಿಗುವುದಿಲ್ಲ. ತೆಗೆಯಲಿಲ್ಲ.

ಗಿಡುಗಗಳ ವಿಷಯಕ್ಕೆ ಬಂದರೆ ಮಾತ್ರ ಮಮ್ಮು ಭಾಯ್ ಬರೆದ ಒಂದು ಸಾಲನ್ನೂ ನಾನು ಮುಟ್ಟುವಂತಿರಲಿಲ್ಲ. ಅವುಗಳಿಗೆ ಪಾಸ್‌ಪೋರ್ಟ್ ಇದೆ, ವಿಮಾನದಲ್ಲಿ ಯಜಮಾನನ ಜೊತೆ ಕೂತು ಹೋಗುತ್ತವೆ. ಅವುಗಳ ತೂಕ ಒಂದಿಷ್ಟು ಕಮ್ಮಿಯಾದರೂ ಮಮ್ಮು ಭಾಯ್‌ಗೆ ಊಟ ಸೇರದು. ಮನೆಯಲ್ಲಿ ಖೈರುನ್ನಿಸಾ ನಾಲ್ಕು ಕಿಲೋ ಇಳಿದಾಗ ಅವರಿಗೆ ಗೊತ್ತೇ ಆಗಿರಲಿಲ್ಲ, ಇದನ್ನು ಆಕೆಯೇ ನನಗೆ ಹೇಳಿದ್ದು.

ತೊಂದರೆ ಶುರುವಾದದ್ದು ಅಬು ಮತರ್‌ಗೆ ಕಥೆಯ ರುಚಿ ಹತ್ತಿದ ಮೇಲೆ. ಬೆಳಿಗ್ಗೆ ಹಕ್ಕಿಗಳಿಗೆ ಮಾಂಸ ಕೊಡುವಾಗ ಮಮ್ಮು ಭಾಯ್ ಅರ್ಧ ಅರಬಿ ಅರ್ಧ ಹಿಂದಿಯಲ್ಲಿ ಒಂದೊಂದೇ ಅಧ್ಯಾಯ ಹೇಳುತ್ತಿದ್ದರು. ಮುದುಕರು ಮಗನ ಮನೆಗೆ ಅಬುಧಾಬಿಗೆ ಹೋದರೂ ಫೋನ್ ಮಾಡಿ, ಆಮೇಲೇನಾಯಿತು ಎಂದು ಕೇಳುವಷ್ಟಾಯಿತು. ಕೊಂದವನು ಯಾರು? ಅಡುಗೆಯವನೇ? ಅಲ್ಲ, ಅರಬಿಯಲ್ಲಿ ಮಾಫಿ. ಡ್ರೈವರೇ? ಮಾಫಿ. ಭಾವಮೈದುನನೇ? ಅವನೂ ಅಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುಗಡೆ ಮಾಡುತ್ತಾ ಮಮ್ಮು ಭಾಯ್ ಒಂದು ವರ್ಷ ತಳ್ಳಿದರು.

ಯಾಕೆಂದರೆ ಕೊಂದವನು ಗಿಡುಗ ನೋಡಿಕೊಳ್ಳುವ ಕೆಲಸದವನು. ಬಂಟ್ವಾಳದವನು. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

“ಇಪ್ಪತ್ತೆಂಟು ವರ್ಷ ಅವರ ಉಪ್ಪು ತಿಂದಿದ್ದೇನೆ ಸಾರ್. ನಿಮ್ಮ ಕೆಲಸದವನೇ ನಿಮ್ಮನ್ನು ಕೊಂದ ಅಂತ ಯಾವ ಬಾಯಿಯಲ್ಲಿ ಹೇಳುದು? ಬರುವ ತಿಂಗಳು ವೀಸಾ ರಿನ್ಯೂ ಆಗ್ಬೇಕು. ಅಬು ಮತರ್ ಅರ್ಬಾಬ್ ಸಿಟ್ಟಾಗಿ ಸಹಿ ಹಾಕದಿದ್ರೆ ಖಲಾಸ್.”

“ಹಾಗಾದ್ರೆ ಕೊಲೆಗಾರನ್ನ ಬದಲಾಯಿಸ್ರೀ. ಬರೆಯೋದು ನೀವೇ ತಾನೇ?”

“ಅದು ಆಗೂದಿಲ್ಲ ಸಾರ್. ಕೊಂದದ್ದು ಅವನೇ.”

ಇಂಥವರ ಹತ್ತಿರ ಏನು ವಾದ ಮಾಡುವುದು? ಕೊನೆಗೆ ಒಂದು ಶನಿವಾರ ಮುದುಕರ ತಾಳ್ಮೆ ಮುಗಿಯಿತು. ನೀನು ಸತಾಯಿಸುತ್ತಿದ್ದೀಯ, ಟೈಪ್ ಮಾಡುವವನನ್ನು ಕರೆದುಕೊಂಡು ಬಾ, ಅವನು ಹೇಳಲಿ ಎಂದು ಅಪ್ಪಣೆಯಾಯಿತು. ಖವಾನೀಜ್‌ಗೆ ಹೋಗುವ ದಾರಿಯುದ್ದಕ್ಕೂ ಮಮ್ಮು ಭಾಯ್ ನನಗೆ ಪಾಠ ಹೇಳಿಕೊಟ್ಟರು. “ಅಡುಗೆಯವ ಅಂತ ಹೇಳಿ ಸಾರ್. ಬಿಟ್ಟದ್ದು ತಪ್ಪಾಗಿತ್ತು, ಪುನಃ ಹಿಡಿದರು ಅಂತ ಹೇಳಿ.”

ಅಬು ಮತರ್ ಬಿಳಿ ಗಡ್ಡದ, ಸಣ್ಣ ದೇಹದ ಮನುಷ್ಯ. ಖರ್ಜೂರ ಕೊಟ್ಟರು, ಅರಬಿ ಕಾಫಿ ಗಾವಾ ಕೊಟ್ಟರು, ಆಮೇಲೆ ತಮ್ಮ ಗಲ್ಫ್ ಹಿಂದಿಯಲ್ಲಿ ನೇರವಾಗಿ ಕೇಳಿದರು, ಯಾರು?

“ಅಡುಗೆಯವನು” ಎಂದೆ. ವಿಮಾ ಕಚೇರಿಯಲ್ಲಿ ದಿನಕ್ಕೆ ಹತ್ತು ಸುಳ್ಳು ಹಿಡಿಯುವ ನನಗೆ ಒಂದು ಸುಳ್ಳು ನೆಟ್ಟಗೆ ಹೇಳಲು ಬರಲಿಲ್ಲ, ಕಿವಿ ಬಿಸಿಯಾಯಿತು.

ಮುದುಕರು ಎದ್ದು, ಚರ್ಮದ ಗವಸು ಹಾಕಿದ ಎಡಗೈ ಮೇಲೆ ಒಂದು ಗಿಡುಗವನ್ನು ತಂದರು. ಬಲಗೈಯಿಂದ ಅದರ ತಲೆಗೆ ಟೊಪ್ಪಿ ಇಟ್ಟು, ಹಿಂದಿನ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಲ್ಲಿ ಎಳೆದು ಬಿಗಿದರು. ಹಕ್ಕಿ ಕದಲಲಿಲ್ಲ. ಆಮೇಲೆ ಅದನ್ನು ನನ್ನ ಮುಖದ ಹತ್ತಿರ ತಂದು, “ಈಗ ನೀನು ಬಿಚ್ಚಿ ಕಟ್ಟು” ಎಂದರು. ನಾನು ಎರಡು ಹೆಜ್ಜೆ ಹಿಂದೆ ಹೋಗಿ ದಿಂಬಿನ ಮೇಲೆ ಬಿದ್ದೆ.

“ಮೊದಲ ಅಧ್ಯಾಯದಲ್ಲೇ ಟೊಪ್ಪಿ ಸರಿಯಾಗಿ ಕಟ್ಟಿತ್ತು. ಅಡುಗೆಯವನು ಕಟ್ಟಲು ಹೋಗಿದ್ದರೆ ಅವನ ಬೆರಳು ಉಳಿಯುತ್ತಿರಲಿಲ್ಲ” ಎಂದರು ಮುದುಕರು. “ಯಾರು ಅಂತ ನನಗೆ ಕಳೆದ ರಂಜಾನ್‌ನಿಂದಲೇ ಗೊತ್ತು. ನಾನು ಕಾಯುತ್ತಿರುವುದು ಯಾಕೆ ಕೊಂದ ಅನ್ನುವುದಕ್ಕೆ.”

ಮಮ್ಮು ಭಾಯ್ ರತ್ನಗಂಬಳಿಯ ಹೂವು ನೋಡುತ್ತಾ ನಿಂತರು. ಸುಳ್ಳು ಸಿಕ್ಕಿಬಿದ್ದ ಅವಮಾನಕ್ಕೋ ಏನೋ, ಹತ್ತೊಂಬತ್ತನೇ ಅಧ್ಯಾಯವನ್ನು ನಾನೇ ಒದರಿಬಿಟ್ಟೆ. ಬೇಟೆಯ ಬಿಡಾರದಲ್ಲಿರುವಾಗ ಕೆಲಸದವನಿಗೆ ಊರಿಂದ ಫೋನ್ ಬರುತ್ತದೆ, ತಾಯಿಗೆ ಹುಷಾರಿಲ್ಲ, ತುಂಬಾ ಜೋರು ಎಂದು. ರಜೆ ಕೇಳುತ್ತಾನೆ. ಹಕ್ಕಿ ಬೇರೆಯವರ ಕೈಯಲ್ಲಿ ತಿನ್ನುವುದಿಲ್ಲ, ಮೂರು ದಿನ ತಡಿ ಎನ್ನುತ್ತಾನೆ ಯಜಮಾನ. ಎರಡನೇ ದಿನ ತಾಯಿ ತೀರಿಕೊಳ್ಳುತ್ತಾಳೆ. ಅವನು ಊರು ಮುಟ್ಟುವಾಗ ದಫನ್ ಆಗಿ ನಾಲ್ಕು ದಿನವಾಗಿರುತ್ತದೆ. ಮುಂದಿನ ವರ್ಷದ ಬೇಟೆಯಲ್ಲಿ ಯಜಮಾನನ ಚೂರಿ ಅವನ ಕೈಗೆ ಬರುತ್ತದೆ.

ಹೇಳುತ್ತಾ ಹೋದಂತೆ ಮುದುಕರ ಮುಖ ನೋಡಿದೆ, ಮಮ್ಮು ಭಾಯ್ ಬಾಗಿದ ತಲೆ ನೋಡಿದೆ, ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ನಾಲ್ಕು ವರ್ಷ ನಾನು ಅದನ್ನು ಕಥೆ ಎಂದೇ ಟೈಪ್ ಮಾಡಿದ್ದೆ. ‘ಭಾವುಕತೆ ಜಾಸ್ತಿ, ಕತ್ತರಿಸಿ’ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೂ ಇದ್ದೆ. ನನಗೆ ನಾಚಿಕೆಯಾಯಿತು.

ಮುದುಕರು ಗಿಡುಗವನ್ನು ಗೂಟದ ಮೇಲಿಟ್ಟು ಬಹಳ ಹೊತ್ತು ಅದರ ಬೆನ್ನು ಸವರಿದರು.

“ಆ ಹಕ್ಕಿ ಎರಡು ಕೈಗೆ ಬರುತ್ತಿತ್ತು” ಎಂದರು. “ಒಂದು ಇವನದು. ಇನ್ನೊಂದು ನನ್ನದು. ಆ ಮೂರು ದಿನವೂ ನನ್ನ ಕೈ ಅಲ್ಲೇ ಇತ್ತು.”

ಗಾವಾ ಆರಿಹೋಯಿತು.

“ಮಮ್ಮು, ಕೊಲೆಗಾರನನ್ನು ಬದಲಾಯಿಸಬೇಡ. ಸರಿಯಾಗಿಯೇ ಬರೆದಿದ್ದೀಯ. ಆದರೆ ಪೊಲೀಸನಿಗೆ ಅವನು ಸಿಗಬಾರದು. ಸಾಯುವ ಮೊದಲು ಟೊಪ್ಪಿಯನ್ನು ಯಜಮಾನನೇ ಕಟ್ಟಿದ್ದ ಅಂತ ಬರಿ.” ಆಮೇಲೆ ಏನೋ ನೆನಪಾದವರಂತೆ, “ವೀಸಾ ಕಾಗದ ತಂದಿದ್ದೀಯಾ?” ಎಂದು ಪೆನ್ನಿಗೆ ಕೈ ಹಾಕಿದರು.

ವಾಪಸು ಬರುವಾಗ ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷ, ಮುನ್ನೂರು ಪುಟ! “ಏನ್ರೀ ಇದು, ಇದ್ದ ಒಂದೇ ಸುಳಿವು ಅದು! ಅದನ್ನೂ ತೆಗೆದ್ರೆ ಇನ್ಸ್‌ಪೆಕ್ಟರ್ ಏನು ಪತ್ತಿರಿ ತಿನ್ನೋಕೆ ಬಂದಿದ್ನಾ? ಕೊಲೆಗಾರ ತಪ್ಪಿಸ್ಕೊಂಡ್ರೆ ಓದೋರು ನಮ್ಮ ಮುಖಕ್ಕೆ ಉಗೀತಾರೆ.”

ಮಮ್ಮು ಭಾಯ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಕಣ್ಣೊರೆಸಿಕೊಂಡರು.

“ಎಂತ ಮಾಡುದು ಸಾರ್” ಎಂದರು. “ಸತ್ತವರೇ ಬೇಡ ಅಂದ ಮೇಲೆ, ಹಿಡೀಲಿಕ್ಕೆ ನಾವು ಯಾರು?”