ಒಲೆ ಆರಿಸಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ವರ್ಷಕ್ಕೆ ಕೆಲವು ದಿನ ಯಾರ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ಮನೆಯಲ್ಲಿ ರಾಗಿ ಇಲ್ಲವೆಂದಲ್ಲ, ಹಬ್ಬದ ಉಪವಾಸವೂ ಅಲ್ಲ. ಗಾಳಿಗೆ ಹೆದರಿ. ಹಾಂ, ನಗಬೇಡಿ. ಗಾಳಿ ಬಂದರೆ ಫ್ಯಾನು ಆರಿಸಿ ಕಿಟಕಿ ತೆಗೆಯುವ ಮಕ್ಕಳು ನೀವು. ಗಾಳಿ ಬಂದರೆ ನಾವು ಒಲೆಗೆ ನೀರು ಹಾಕುತ್ತಿದ್ದೆವು.

ನಮ್ಮೂರು ನಲ್ಲೂರಿನ ಹುಣಸೆ ತೋಪಿಗೆ ಕೂಗಳತೆಯಲ್ಲಿತ್ತು. ಊರಿನ ಮನೆಗಳೆಲ್ಲ ಮಣ್ಣಿನ ಗೋಡೆ, ಬಾದೆಹುಲ್ಲಿನ ಸೂರು. ಒಂದು ಮನೆಯ ಸೂರು ಇನ್ನೊಂದಕ್ಕೆ ತಾಗಿಕೊಂಡೇ ಇರುತ್ತಿತ್ತು. ಪ್ರತಿ ಮನೆಯ ಹಿತ್ತಲಲ್ಲೂ ರಾಗಿಹುಲ್ಲಿನ ಮೆದೆ, ಅಂದರೆ ದನಕ್ಕೆಂದು ಒಟ್ಟಿದ ಹುಲ್ಲಿನ ದೊಡ್ಡ ರಾಶಿ. ಶಿವರಾತ್ರಿ ಕಳೆದ ಮೇಲೆ ಇದೆಲ್ಲ ಒಣಗಿ ಗರಿಗರಿಯಾಗುತ್ತಿತ್ತು. ಆಗ ಮೂಡಲ ಕಡೆಯಿಂದ ಒಣಗಾಳಿ ಏಳುತ್ತಿತ್ತು. ಅದು ಒಂದೇ ಸಮ ಬೀಸುವ ಗಾಳಿಯಲ್ಲ. ಸ್ವಲ್ಪ ಹೊತ್ತು ಸುಮ್ಮನಿರುವುದು, ನಾವು ಉಸಿರು ಬಿಡುವಷ್ಟರಲ್ಲಿ ದಬಕ್ಕನೆ ಬಂದು ಹೊಡೆಯುವುದು. ತುಟಿ ಒಡೆದು ರಕ್ತ ಬರುತ್ತಿತ್ತು. ಹಿಂಡಿ ಹರವಿದ ಸೀರೆ ನೋಡುನೋಡುತ್ತಿದ್ದಂತೆ ಒಣಗುತ್ತಿತ್ತು. ಬಾಚಣಿಗೆ ಹಾಕಿದರೆ ನನ್ನ ಕೂದಲು ಚಟಪಟ ಎಂದು ಎದ್ದು ನಿಲ್ಲುತ್ತಿತ್ತು.

ಇವತ್ತು ಒಲೆ ಹಚ್ಚಬಹುದೋ ಬೇಡವೋ ಎಂದು ಹೇಳುವವನು ನನ್ನ ಅಪ್ಪ. ಊರಿನವರು ಅವನ ಮೇಲೆ ಆ ಕೆಲಸ ಹೊರಿಸಿದ್ದರು. ಬೆಳಗಿನ ಜಾವ ಎದ್ದು ಮೆದೆಯಿಂದ ಒಂದು ಹುಲ್ಲಿನ ಕಡ್ಡಿ ಎಳೆದು ಬೆರಳಿಗೆ ಸುತ್ತಿ ನೋಡುತ್ತಿದ್ದ. ಕಡ್ಡಿ ಬಳುಕಿದರೆ ಭಯವಿಲ್ಲ. ಚಟಕ್ಕನೆ ಮುರಿದರೆ ತಳವಾರನಿಗೆ ಹೇಳಿಕಳಿಸುತ್ತಿದ್ದ. ತಳವಾರ ತಮಟೆ ಹೊಡೆದುಕೊಂಡು ಬೀದಿ ಬೀದಿ ಸುತ್ತುತ್ತಿದ್ದ.

"ಗಾಳಿ ಎದ್ದೈತೆ, ಒಲೆ ಆರಿಸ್ರವ್ವೋ! ಬೀಡಿ ಹಚ್ಚಬ್ಯಾಡ್ರಪ್ಪೋ!"

ಆಮೇಲೆ ಹೊತ್ತು ಮುಳುಗಿ ಗಾಳಿ ತಣ್ಣಗಾಗುವ ತನಕ ತಂಗಳ ಮುದ್ದೆ, ಮಜ್ಜಿಗೆ, ಒಂದು ಈರುಳ್ಳಿ. ನನಗಂತೂ ಆ ದಿನಗಳೆಂದರೆ ಬಲು ಖುಷಿ. ಸೌದೆ ತರುವ ಕೆಲಸ ತಪ್ಪುತ್ತಿತ್ತು, ಹೊಗೆಗೆ ಕಣ್ಣು ಉರಿಯುವುದೂ ತಪ್ಪುತ್ತಿತ್ತು. ಸಂಜೆಗೆ ಊರಬಾಗಿಲ ಕಲ್ಲುಮಂಟಪದಲ್ಲಿ ಕಾಪಾಡಿಟ್ಟ ಕೆಂಡವನ್ನು ಎಲ್ಲರೂ ಬೆರಣಿಯ ಮೇಲೆ ಇಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. ಯುದ್ಧದ ಕಾಲ ಅದು, ಬೆಂಕಿಪೊಟ್ಟಣ ಕೊಳ್ಳೋಣವೆಂದರೂ ಸಿಗುತ್ತಿರಲಿಲ್ಲ.

ಆ ವರ್ಷ ಅಕ್ಕ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ನನಗೂ ಅವಳಿಗೂ ವಯಸ್ಸಿನಲ್ಲಿ ತುಂಬ ಅಂತರ. ನಾನು ಅವಳ ಸೊಂಟದ ಮೇಲೆ ಬೆಳೆದವಳು. ಹಿಂದೆ ಒಂದು ಮಗು ಹುಟ್ಟಿ ತೀರಿಕೊಂಡಿತ್ತು, ಇದು ಎರಡನೆಯದು. ಇದೂ ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟಿತು. ಹೆಣ್ಣು ಕೂಸು. ಎಳೆಯ ಸೋರೆಕಾಯಿಯಷ್ಟಿತ್ತು. ಅಳಲಿಕ್ಕೂ ಶಕ್ತಿಯಿರಲಿಲ್ಲ, ಬಾಯಿ ತೆರೆದರೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಒಂದು ಸದ್ದು. ಹೆರಿಗೆ ಮಾಡಿಸಿದ ಸೂಲಗಿತ್ತಿ ಹೋಗುವಾಗ ಅಮ್ಮನಿಗೆ ಹೇಳಿದಳು:

"ಕೂಸಿಗೆ ಕಾವು ತಪ್ಪಬಾರ್ದು ಕಣವ್ವ. ಒಂದ್ ಗಳಿಗೆ ತಣ್ಣಗಾದ್ರೂ ಉಳಿಯಾಕಿಲ್ಲ."

ಅಂದಿನಿಂದ ಅಮ್ಮನಿಗೆ ಬೇರೆ ಯೋಚನೆಯೇ ಇಲ್ಲ. ಬಾಣಂತಿ ಕೋಣೆ ಎಂದರೆ ಕತ್ತಲೆ ಕೋಣೆ. ಅಕ್ಕ ಕಿವಿಗೆ ಬಟ್ಟೆ ಸುತ್ತಿಕೊಂಡು ಹಗ್ಗದ ಮಂಚದ ಮೇಲೆ ಮಲಗಿರುತ್ತಿದ್ದಳು. ಮಂಚದ ಕೆಳಗೆ ಒಡೆದ ಮಡಕೆಯ ತಳದಲ್ಲಿ ಕೆಂಡ. ಅದರ ಮೇಲೆ ಬೇವಿನ ಸೊಪ್ಪು, ಒಂದು ಚಿಟಿಕೆ ಸಾಂಬ್ರಾಣಿ. ಬೆಳ್ಳುಳ್ಳಿ, ಹರಳೆಣ್ಣೆ, ಹಾಲು, ಹೊಗೆ ಎಲ್ಲ ಸೇರಿದ ವಾಸನೆ. ಶಾಲೆ ಇಲ್ಲದ ನನಗೆ ಅಲ್ಲೇ ಕೆಲಸ. ಕೂಸಿನ ಪಾದ ಹಿಡಿದು ಕೂರುವುದು, ತಣ್ಣಗಾದರೆ ಅಮ್ಮನನ್ನು ಕೂಗುವುದು. ಆ ಪಾದ ನನ್ನ ಹೆಬ್ಬೆರಳಿನಷ್ಟಿತ್ತು. ನನಗೆ ಅದರ ಮೇಲೆ ಎಷ್ಟು ಪ್ರೀತಿ ಬಂದುಬಿಟ್ಟಿತ್ತೆಂದರೆ ಊಟಕ್ಕೆ ಕರೆದರೂ ಎದ್ದುಹೋಗುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಅಪ್ಪನ ಕೈಯಲ್ಲಿ ಕಡ್ಡಿ ಮುರಿಯಿತು. ಇನ್ನೊಂದು ಎಳೆದ, ಅದೂ ಮುರಿಯಿತು. ಆಕಾಶ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಲದಲ್ಲಿ ಮಣ್ಣು ಸುತ್ತಿ ಸುತ್ತಿ ಏಳುತ್ತಿತ್ತು. ತಮಟೆ ಹೊಡೆಸಿದ್ದಾಯಿತು. ಬೀದಿಯುದ್ದಕ್ಕೂ ಒಲೆಗೆ ನೀರು ಬೀಳುವ ಚುಸ್ ಚುಸ್ ಸದ್ದು ಕೇಳಿಸಿತು. ಅಪ್ಪ ನಮ್ಮ ಒಲೆಯನ್ನೂ ಆರಿಸಿ, ತಾಮ್ರದ ಚೆಂಬು ಹಿಡಿದುಕೊಂಡು ಬಾಣಂತಿ ಕೋಣೆಯ ಬಾಗಿಲಿಗೆ ಬಂದ.

"ಊರಿಗೆಲ್ಲ ಹೇಳಿ ನಮ್ಮನೇಲೇ ಕೆಂಡ ಇಟ್ಕಂಡ್ರೆ ಹೆಂಗೆ?" ಎಂದ.

ಅಮ್ಮ ಮಂಚಕ್ಕೆ ಅಡ್ಡ ನಿಂತಳು. "ಅದ್ರ ಮ್ಯಾಲೆ ನೀರು ಹುಯ್ಯೋದೂ ಒಂದೇ, ಕೂಸಿನ ಮ್ಯಾಲೆ ಹುಯ್ಯೋದೂ ಒಂದೇ. ಹುಯ್ತೀಯಾ? ಹುಯ್ಯಿ ಹಂಗಾರೆ."

"ಕಲ್ಲುಮಂಟಪಕ್ಕೆ ಕರ್ಕಂಡು ಹೋಗನ. ಅಲ್ಲಿ ಕೆಂಡ ಐತೆ, ಮ್ಯಾಲೆ ಕಲ್ಲು ಐತೆ."

"ಈ ಗಾಳೀಲಿ? ಹಸೀ ಬಾಣಂತೀನ?"

ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ಆಗ ಊರಿಗೆಲ್ಲ ಗೊತ್ತಿದ್ದ ಮಾತು. ಅಪ್ಪನೂ ಅದನ್ನೇ ನಂಬಿದವನು. ಅವನು ಕೂಸಿನ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಚೆಂಬನ್ನು ಕೆಳಗಿಟ್ಟು ಹೊರಟುಹೋದ. ಅಮ್ಮ ಕೆಂಡದ ಮೇಲೆ ದಪ್ಪಗೆ ಬೂದಿ ಮುಚ್ಚಿ, ಅದರ ಮೇಲೊಂದು ಮಡಕೆ ಬೋರಲು ಹಾಕಿದಳು. ಬಾಗಿಲಿಗೆ ಅಗುಳಿ ಹಾಕಿ ಸಂದಿಗೆಲ್ಲ ಹಳೇ ಸೀರೆ ತುರುಕಿದಳು. ಇಷ್ಟೆಲ್ಲ ಮಾಡಿದ ಮೇಲೆ ಒಂದು ಕಿಡಿಯೂ ಏಳಲಾರದು ಎಂದು ನನಗೂ ಧೈರ್ಯ ಬಂತು.

ಮಧ್ಯಾಹ್ನ ಗಾಳಿ ಹುಚ್ಚೆದ್ದಿತು. ಸೂರಿನ ಬಿದಿರು ಕಿರಗುಟ್ಟುತ್ತಿತ್ತು. ಮೇಲಿನಿಂದ ಹುಲ್ಲಿನ ಪುಡಿ ಉದುರಿ ಕೂಸಿನ ಮುಖದ ಮೇಲೆ ಬೀಳುತ್ತಿತ್ತು, ನಾನು ಊದಿ ಊದಿ ತೆಗೆಯುತ್ತಿದ್ದೆ. ಆಗ ಪಾದ ತಣ್ಣಗಿದ್ದ ಹಾಗೆ ಅನಿಸಿತು. ಅಮ್ಮನಿಗೆ ಹೇಳಿದೆ. ಅವಳೂ ಮುಟ್ಟಿ ನೋಡಿದಳು. ಮಡಕೆ ಎತ್ತಿ ಬೂದಿ ಸರಿಸಿ, ಒಂದು ಬೆರಣಿ ಚೂರು ಇಟ್ಟು ಮೆಲ್ಲಗೆ ಊದಿದಳು. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

ಆ ಹೊತ್ತಿಗೇ ಗಾಳಿ ಬಂದು ಬಾಗಿಲಿಗೆ ಗುದ್ದಿತು. ಅಗುಳಿ ಮುರಿದು ಬಾಗಿಲು ಗೋಡೆಗೆ ಬಡಿಯಿತು. ಕೋಣೆಯ ತುಂಬ ಬೂದಿ ಎದ್ದಿತು. ಬೂದಿಯ ಜೊತೆ ಎಳ್ಳುಕಾಳಿನಷ್ಟು ಕೆಂಪು ಚುಕ್ಕಿಗಳು ಮೇಲಕ್ಕೆ ಹೋಗಿ ಸೂರಿನೊಳಗೆ ಕಾಣದಾದವು. ಅಮ್ಮ ಎರಡೂ ಕೈ ಎತ್ತಿ ಗಾಳಿಯಲ್ಲಿ ಅವನ್ನು ಹಿಡಿಯಲು ಹೋದಳು. ಇವತ್ತಿಗೂ ನನಗೆ ಮೊದಲು ನೆನಪಾಗುವುದು ಆ ಕೈಗಳೇ.

ಸೂರು ಹತ್ತಿಕೊಂಡಿತು. ಅಮ್ಮ ಕೂಸನ್ನು ಸೀರೆಯಲ್ಲಿ ಸುತ್ತಿ ನನ್ನ ಎದೆಗೆ ಅವಚಿದಳು. "ಓಡೇ, ತೋಪಿಗೆ ಓಡು! ತಿರುಗಿ ನೋಡಬ್ಯಾಡ!" ಎಂದು ಕಿರುಚಿದಳು. ನಾನು ಓಡಿದೆ. ಹಿಂದೆ ಅಕ್ಕ, ಅವಳ ಹಿಂದೆ ಅಮ್ಮ. ಇಷ್ಟು ದಿನ ಬಿಸಿಲು ಕಾಣದಿದ್ದ ಅಕ್ಕ ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ಓಡಿಬಂದಳು. ಗಾಳಿ ನಮಗಿಂತ ಬೇಗ ಓಡಿತು. ಉರಿಯುವ ಹುಲ್ಲನ್ನು ಕಂತೆ ಕಂತೆಯಾಗಿ ಕಿತ್ತು ಮುಂದಿನ ಸೂರಿಗೆ ಎಸೆಯುತ್ತಿತ್ತು, ಅಲ್ಲಿಂದ ಮೆದೆಗೆ, ಮೆದೆಯಿಂದ ಕೊಟ್ಟಿಗೆಗೆ. ಜನ ದನಗಳ ಕಣ್ಣಿ ಹಗ್ಗ ಕುಡುಗೋಲಿನಿಂದ ಕತ್ತರಿಸಿ ಅಟ್ಟುತ್ತಿದ್ದರು. ಮುದುಕರನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಬಾವಿಯ ನೀರು ತಳ ಸೇರಿತ್ತು. ಸೇದಿದ ಒಂದೊಂದು ಕೊಡ ಆ ಬೆಂಕಿಗೆ ಏನೂ ಅಲ್ಲ. ಬೆಂಕಿಗೆ ಸಿಕ್ಕಿ ಒಬ್ಬರ ಪ್ರಾಣವೂ ಹೋಗಲಿಲ್ಲ, ದೇವರು ದೊಡ್ಡವನು. ಆದರೆ ಸಂಜೆಯ ಹೊತ್ತಿಗೆ ಊರೆಂಬುದು ಇರಲಿಲ್ಲ, ಕರಿ ಗೋಡೆಗಳಿದ್ದವು.

ಎಲ್ಲರೂ ತೋಪಿನಲ್ಲಿ ಸೇರಿದರು. ಮುಖವೆಲ್ಲ ಮಸಿ, ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಮೊದಲ ಹೊಗೆ ಯಾವ ಮನೆಯಿಂದ ಎದ್ದಿತೆಂದು ಎಲ್ಲರೂ ನೋಡಿದ್ದರು. ಆದರೆ ಯಾರೂ ಬಾಯಿ ಬಿಡಲಿಲ್ಲ. ಅಪ್ಪನೇ ಮುಂದೆ ಬಂದು ತಲೆಯ ರುಮಾಲು ಬಿಚ್ಚಿ ಜನರ ಮುಂದೆ ನೆಲದ ಮೇಲಿಟ್ಟ.

"ನಮ್ಮನೇಲೇ ಆರಿಸ್ಲಿಲ್ಲ ಕಣ್ರಪ್ಪಾ. ಕೂಸಿಗೇಂತ ಇಟ್ಟಿದ್ವಿ. ಏನ್ ಮಾಡ್ತೀರೋ ಮಾಡಿ," ಎಂದ.

ಅಪ್ಪನ ಧ್ವನಿ ಹಾಗೆ ನಡುಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬೈದರೆ ಬೈಯಲಿ, ಯಾರಾದರೂ ಏನಾದರೂ ಅನ್ನಲಿ ಅನಿಸಿತು. ಆಗ ನಮ್ಮ ಪಕ್ಕದ ಮನೆಯ ಮುದುಕಿ ಎದ್ದು ಬಂದಳು. ಗಂಡನಿಲ್ಲದವಳು, ಇದ್ದ ಒಂದು ಮನೆಯೂ ಈಗ ಹೋಗಿತ್ತು. ನಮ್ಮೆಲ್ಲರ ಮೇಲೂ ಸದಾ ಸಿಡುಕುತ್ತಿದ್ದ ಹೆಂಗಸು ಅವಳು. ಅಪ್ಪನ ಕಡೆ ತಿರುಗಿಯೂ ನೋಡದೆ ಸೀದಾ ಅಕ್ಕನ ಹತ್ತಿರ ಬಂದು ಕೂಸಿನ ಕಾಲು ಮುಟ್ಟಿದಳು.

"ಅದೆಲ್ಲ ಆಮ್ಯಾಕೆ ನೋಡ್ಕಂಡ್ರಾಯ್ತು. ಕೂಸು ತಣ್ಣಗಾಗ್ತಾ ಐತೆ, ಕಾಣ್ಸಕಿಲ್ವಾ ಯಾರ್ಗೂ?" ಎಂದು ಗದರಿ ಊರಿನ ಕಡೆ ಹೋದಳು.

ಅಷ್ಟರಲ್ಲಿ ಗಾಳಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಒಡೆದ ಮಡಕೆಯ ಒಂದು ಓಡಿನಲ್ಲಿ ಕೆಂಡ ತುಂಬಿಕೊಂಡು ಬಂದಳು. "ನಮ್ಮನೆ ತೊಲೇದು ಕಣವ್ವ, ಹೊನ್ನೆ ಮರ. ಬಿರ್ನೆ ಆರಾಕಿಲ್ಲ," ಎಂದು ಅಕ್ಕನ ಪಕ್ಕ ಇಟ್ಟಳು.

ಅವಳನ್ನು ನೋಡಿ ಇನ್ನೊಬ್ಬರು ಹೋದರು, ಆಮೇಲೆ ಮತ್ತೊಬ್ಬರು. ಸುಟ್ಟ ತಮ್ಮ ತಮ್ಮ ಮನೆಯಿಂದ, ಬಾಗಿಲ ಚೌಕಟ್ಟಿನದೋ, ಕಂಬದ್ದೋ, ನೊಗದ್ದೋ, ಕೆಂಡ ಆಯ್ದು ಆಯ್ದು ತಂದರು. ಗಂಡಸರು ತರಗೆಲೆ ಗುಡಿಸಿ ಕಲ್ಲು ಜೋಡಿಸಿಕೊಟ್ಟರು. ದೊಡ್ಡ ಹುಣಸೆ ಮರದ ಎರಡು ಬೇರುಗಳ ನಡುವೆ ಅಕ್ಕ ಕೂಸನ್ನು ಅವಚಿಕೊಂಡು ಕೂತಿದ್ದಳು, ಸುತ್ತ ಊರಿನವರ ಮನೆಗಳು ಕೆಂಡವಾಗಿದ್ದವು. ನಾನು ಪಾದ ಹಿಡಿದುಕೊಂಡಿದ್ದೆ. ಬೆಚ್ಚಗಾಗುತ್ತದೆ, ಈಗ ಬೆಚ್ಚಗಾಗುತ್ತದೆ ಎಂದು ಉಜ್ಜುತ್ತಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಕೂಸು ಹೋಗಿಬಿಟ್ಟಿತು. ಹೊಗೆ ಕುಡಿದಿತ್ತೋ, ಗಾಳಿಗೆ ಶೀತವಾಯಿತೋ, ಅಥವಾ ಮೊದಲೇ ಉಳಿಯುವ ಜೀವವಲ್ಲವೋ ಗೊತ್ತಿಲ್ಲ. ಅಕ್ಕ ಅಳಲಿಲ್ಲ. ಅಮ್ಮ ಅವಳ ಕಾಲಿನ ಹತ್ತಿರ ಬಿದ್ದುಕೊಂಡು, "ನನ್ನ ಕೈ ಕತ್ತರಿಸಿ ಹಾಕೇ ಮಗಳೇ," ಎಂದು ಹೊರಳಾಡಿದಳು. ಅಕ್ಕ ಅಮ್ಮನ ಸುಟ್ಟ ಅಂಗೈಯನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು, ಅಷ್ಟೇ. ಊರಿನ ಹೆಂಗಸರೆಲ್ಲ ಅತ್ತರು. ತಮ್ಮ ಮನೆಗೆ ಅಳದವರು ಆ ಕೂಸಿಗೆ ಅತ್ತರು.

ಆ ಮಳೆಗಾಲದೊಳಗೆ ಜನ ಮತ್ತೆ ಸೂರು ಕಟ್ಟಿಕೊಂಡರು. ನಮ್ಮ ಮನೆಗೂ ಬಂದು ಕೈ ಹಾಕಿದರು. ಅಪ್ಪ ಮಾತ್ರ ಮತ್ತೆ ಎಂದೂ ಕಡ್ಡಿ ಮುರಿದು ನೋಡಲಿಲ್ಲ, ಆ ಕೆಲಸ ಬೇರೆಯವರಿಗೆ ಹೋಯಿತು. ಅಕ್ಕನಿಗೆ ಮುಂದೆ ಮಕ್ಕಳಾಗಲಿಲ್ಲ. ಅವಳು ತೀರಿಕೊಳ್ಳುವ ತನಕ ಆ ಮಧ್ಯಾಹ್ನದ ಮಾತು ನಾವಿಬ್ಬರೂ ಎತ್ತಲಿಲ್ಲ. ಎತ್ತಬೇಕಿತ್ತು ಎಂದು ಈಗ ಅನಿಸುತ್ತದೆ.

ನಿಮ್ಮ ಕಾಲವೇ ಬೇರೆ ಮಕ್ಕಳೇ. ನಾಳೆ ಗಾಳಿ ಎಷ್ಟು, ಬಿಸಿಲು ಎಷ್ಟು ಎಂದು ನಿಮ್ಮ ಫೋನು ಹಿಂದಿನ ದಿನವೇ ಹೇಳುತ್ತದೆ. ಒಲೆಯ ಕಿವಿ ತಿರುಗಿಸಿದರೆ ಬೆಂಕಿ ಬರುತ್ತದೆ, ತಿರುಗಿಸಿದರೆ ಹೋಗುತ್ತದೆ. ನಮ್ಮ ಹೊಲಗಳಿದ್ದ ಕಡೆ ವಿಮಾನಗಳು ಇಳಿಯುತ್ತವೆ. ಇದೆಲ್ಲ ನೋಡಿ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ದಿನದ ಮಾತು ಹೇಳುತ್ತೇನೆ ಕೇಳಿ.

ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಈಗ ನನ್ನ ಮಡಿಲಲ್ಲಿ ಕೂತು ನನ್ನ ಬಳೆ ಎಳೆಯುತ್ತಿದ್ದಾಳಲ್ಲ, ಇವಳೂ ತಿಂಗಳು ತುಂಬದೆ ಹುಟ್ಟಿದವಳು. ಆಸ್ಪತ್ರೆಯಲ್ಲಿ ಇವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನನ್ನನ್ನು ಕರೆದುಕೊಂಡು ಹೋಗಿ ಹೊರಗಿನಿಂದ ತೋರಿಸಿದರು. ಒಳಗೆ ಹೊಗೆಯಿಲ್ಲ, ಬೂದಿಯಿಲ್ಲ, ಕಿಡಿಯಿಲ್ಲ. ಸುಮ್ಮನೆ ಕಾವು. ಕರೆಂಟು ಹೋದರೆ ಏನಮ್ಮಾ ಗತಿ ಎಂದು ನರ್ಸಮ್ಮನನ್ನು ಕೇಳಿದೆ. "ಹೋದ್ರೂ ಇದು ಆರಲ್ಲ ಅಜ್ಜಿ, ಭಯ ಪಡಬೇಡಿ," ಎಂದಳು ಆ ಹುಡುಗಿ. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಮಗು ಚೆನ್ನಾಗಿದೆ, ಅಳಬೇಡಿ ಎಂದು ನಿಮ್ಮಪ್ಪ ಅಮ್ಮ ಎಲ್ಲ ಸಮಾಧಾನ ಮಾಡಿದರು. ಚೆನ್ನಾಗಿದೆ ಎಂದು ನನಗೂ ಕಾಣುತ್ತಿತ್ತು. ನಾನು ಅಳುತ್ತಿದ್ದದ್ದು ಈ ಮಗುವಿಗಲ್ಲ.