ಓದೋ ಥರ ಕೂತ್ಕೊಳ್ಳಿ

ಗೆಳೆಯರೇ, ಪ್ರಬಂಧಕ್ಕೆ ಮಾಹಿತಿ ಹುಡುಕುವುದನ್ನು ಕಲಿಸೋಣವೆಂದು ಇವತ್ತು ಪೀಣ್ಯದ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಗ್ರಂಥಾಲಯಕ್ಕೆ ಕರೆದೊಯ್ದೆ. ಬೀರುಗಳಿಗೆಲ್ಲ ಬೀಗ.

"ಸೋಮವಾರ ಕಾಲೇಜು ತಪಾಸಣೆಗೆ ಅಧಿಕಾರಿಗಳು ಬರ್ತಾರೆ ಮೇಡಂ. ಈಗಷ್ಟೇ ಜೋಡಿಸಿದೀವಿ, ಮುಟ್ಟಿಸ್ಬೇಡಿ" ಎಂದರು ಗ್ರಂಥಪಾಲಕರು.

"ಮತ್ತೆ ಪುಸ್ತಕ ಇರೋದು ಯಾರಿಗೆ ಸಾರ್?"

ಅವರು ಬೀಗದ ಕೈ ಜೇಬಿಗಿಳಿಸಿದರು. ಮೈಯೆಲ್ಲ ಉರಿದು ಹೊರಟರೆ, ಅವರೇ ವಾಪಸ್ ಕರೆದರು. ಮೇಜಿನ ಮೇಲೆ ನಾಲ್ಕು ಪುಸ್ತಕ ತೆರೆದಿಟ್ಟು, "ಮಕ್ಕಳೆಲ್ಲ ಸ್ವಲ್ಪ ಓದೋ ಥರ ಕೂತ್ಕೊಳ್ಳಿ, ವರದಿಗೆ ಫೋಟೋ ಬೇಕು" ಎಂದರು.

ಲಗ್ಗೆರೆಯಿಂದ ಬರುವ ಕಾವ್ಯ ಮಾತ್ರ ಕೂರಲಿಲ್ಲ. "ಮೇಡಂ, ಮಾಹಿತಿ ನಿಜಾನೋ ಸುಳ್ಳೋ ನೋಡೋದು ಹೇಳ್ಕೊಡ್ತೀನಿ ಅಂದಿದ್ರಲ್ಲ, ಈ ಫೋಟೋದಿಂದಾನೇ ಶುರು ಮಾಡೋಣ್ವಾ?" ಎಂದಳು.

ನನ್ನ ಪಾಠ ಅಲ್ಲಿಗೇ ಮುಗಿಯಿತು. ಇನ್ನೂ ಕಲಿಯಬೇಕಾದವರು ಸೋಮವಾರ ಬರುತ್ತಾರೆ.