ಗ್ಯಾಸ್ಟ್ರಿಕ್ ಎಂಬ ಹೆಸರಿನ ಮಾತ್ರೆ

ನನ್ನ ತಲೆಯ ಮಾತ್ರೆಗೆ ನಮ್ಮ ಮನೆಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೆಸರು. ಹೆಸರಿಟ್ಟವರು ಅತ್ತೆ. ಚಿಕ್ಕವನು ಹುಟ್ಟಿದ ಮೇಲೆ ಮನಸ್ಸಿನ ಕಾಯಿಲೆ ಬಂದು ನಾನು ಮಂಗಳೂರಿನಲ್ಲಿ ಅಡ್ಮಿಟ್ ಆಗಿದ್ದೆ. ಅಂದಿನಿಂದ ಲಿಥಿಯಂ ಎಂಬ ಈ ಮಾತ್ರೆ ನುಂಗುತ್ತೇನೆ, ಚೆನ್ನಾಗಿಯೇ ಇದ್ದೇನೆ. ಆದರೆ ನಮ್ಮೂರು ಗಾಳಿಬೀಡಿನ ನೆಂಟರ ಕಿವಿಗೆ ಅದು ಬೀಳಬಾರದಲ್ಲ.

ಹೋದ ವರ್ಷ ಕಾಫಿ ಕೊಯ್ಲಿಗೆ ಆಳು ಸಿಗದೆ ನಾವೇ ತೋಟಕ್ಕಿಳಿದೆವು. ನನ್ನ ಸೊಂಟ ಹಿಡಿದುಕೊಂಡಿತು. ಮಡಿಕೇರಿಯ ಮೆಡಿಕಲ್ ಶಾಪಿನವರು ನೋವಿನ ಮಾತ್ರೆ ಕೊಡುವ ಮೊದಲು, "ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ, "ಗ್ಯಾಸ್ಟ್ರಿಕ್‌ದು ಒಂದು ಉಂಟು" ಎಂದುಬಿಟ್ಟರು. ಹಿಂದೆ ನಿಂತಿದ್ದವರು ನಮ್ಮೂರಿನವರೇ. ನಾನೂ ಸುಮ್ಮನಾದೆ.

ದಿನವೂ ಆ ನೋವಿನ ಮಾತ್ರೆ ನುಂಗಿದೆ. ಸೊಂಟ ಸಡಿಲವಾಯಿತು, ಕೊಯ್ಲೂ ಸಾಗಿತು. ವಾರ ಕಳೆಯುವಷ್ಟರಲ್ಲಿ ಕೈ ನಡುಗತೊಡಗಿತು. ಹಣ್ಣು ಚೀಲಕ್ಕೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. ನಡೆದರೆ ಕುಡಿದವಳ ಹಾಗೆ ವಾಲುತ್ತಿದ್ದೆ, ಮಾತು ತೊದಲುತ್ತಿತ್ತು.

"ಮತ್ತೆ ಶುರುವಾಯ್ತು ಇವಳಿಗೆ" ಎಂದರು ಅತ್ತೆ, ನನ್ನೆದುರೇ.

"ನನ್ನ ತಲೆ ಸರಿ ಉಂಟು. ಕೈ ಮಾತ್ರ ಹೇಳಿದ ಹಾಗೆ ಕೇಳ್ತಿಲ್ಲ" ಎಂದು ರೇಗಿದೆ.

"ನೋಡು, ಸಿಟ್ಟು ಬೇರೆ" ಎಂದು ತಮ್ಮ ಮಗನಿಗೆ ತೋರಿಸಿದರು. ನನ್ನ ಗಂಡ ನನ್ನ ಬ್ಯಾಗ್ ತುಂಬಿ ಜೀಪು ತೆಗೆದರು. ನನಗೆ ಸಿಟ್ಟು ಬಂದರೂ ಅದು ಕಾಯಿಲೆಯ ಲೆಕ್ಕಕ್ಕೇ ಹೋಗುತ್ತದಲ್ಲ ಎಂದು ದಾರಿಯುದ್ದಕ್ಕೂ ಅಳುತ್ತಲೇ ಕೂತಿದ್ದೆ.

ಮಂಗಳೂರಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಈಚೆಗೆ ಏನೇನು ನುಂಗಿದ್ದೀರಿ ಎಂದು ನನ್ನನ್ನೇ ಕೇಳಿದರು. ಹೇಳಿದೆ.

"ಲಿಥಿಯಂ ಹೊರಗೆ ಹೋಗುವುದೇ ಕಿಡ್ನಿಯಿಂದ" ಎಂದರು ಅವರು, ನನ್ನ ಗಂಡನತ್ತ ತಿರುಗಿ. "ಈ ನೋವಿನ ಮಾತ್ರೆ ಅದನ್ನು ಸರಿಯಾಗಿ ಹೋಗ್ಲಿಕ್ಕೆ ಬಿಡ್ಲಿಲ್ಲ. ರಕ್ತದಲ್ಲಿ ಜಾಸ್ತಿ ಆಗಿದೆ. ಇದು ಹಳೆ ಕಾಯಿಲೆ ಅಲ್ಲ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕಷ್ಟ ಇತ್ತು."

ಎರಡೂ ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು. ಕೆಲವು ದಿನಗಳಲ್ಲಿ ಕಾಫಿ ಲೋಟವನ್ನು ಚೆಲ್ಲದೆ ಹಿಡಿದೆ. ರಕ್ತ ಮತ್ತೆ ನೋಡಿ ಲಿಥಿಯಂ ಶುರುಮಾಡಿದರು, ಸೊಂಟಕ್ಕೆ ಬೇರೆ ಔಷಧಿ ಬರೆದುಕೊಟ್ಟರು.

ಆಸ್ಪತ್ರೆಯಲ್ಲಿ ಮೇಲಿನ ಎರಡು ನೈಟಿ ಬಿಟ್ಟು ಬ್ಯಾಗಿನಿಂದ ಏನೂ ತೆಗೆದಿರಲಿಲ್ಲ. ಮನೆಗೆ ಬಂದು ಬಿಚ್ಚಿದರೆ, ಬೀರುವಿನಲ್ಲಿದ್ದ ನನ್ನ ಬಟ್ಟೆಯೆಲ್ಲ ಅದರಲ್ಲಿತ್ತು, ಇನ್ನೂ ಎಷ್ಟೋ ತಿಂಗಳು ದೂರವಿದ್ದ ಮಳೆಗಾಲದ ಸ್ವೆಟರ್ ಕೂಡ.

"ಇಷ್ಟು ಯಾಕೆ?" ಎಂದೆ.

"ಎಷ್ಟು ದಿನ ಆಗ್ತದೋ ಗೊತ್ತಿರ್ಲಿಲ್ಲ ಮಾರಾಯ್ತಿ" ಎಂದರು ನನ್ನ ಗಂಡ.

ಅತ್ತೆಯ ಮಾತನ್ನು ಇವರೂ ನಂಬಿದ್ದರು. "ತುಂಬಿದವರೇ ಮಡಚಿ ಒಳಗಿಡಿ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಒಂದೊಂದೇ ತೆಗೆದು ಬೀರುವಿನಲ್ಲಿ ಇಟ್ಟರು.